ಪೌಡರ್ ಡಬ್ಬಿ

ನೆಲದ ಮೇಲೆ ಒಂದು ಹನಿಯೂ ಇಲ್ಲ.
ಪತ್ರಾಸಿನ ಶೆಡ್ಡಿನಲ್ಲಿ ರಾತ್ರಿಯಿಡೀ ಹಾಸಿಟ್ಟ ರಟ್ಟು
ಮುಂಜಾನೆಗೂ ಒಣಾ ಒಣಾ.
ಆದರೂ ಹದಿನೈದು ದಿನಕ್ಕೆ
ಅರ್ಧ ಲೀಟರ್ ಕೆಂಪೆಣ್ಣೆ ಮಾಯ.
ಮೈಲೂರು ಕ್ರಾಸಿನಲ್ಲಿ ಪೋಲೀಸ ಕೈಬಿಟ್ಟರೆ
ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ
ಯಾರದೋ ಹೆಸರು ನೆನೆಯುವವರಂತೆ
ಒಂದು ಉಸಿರು ನಿಂತು, ಆಮೇಲೆ ಧಡಕ್ಕನೆ ಹೊರಡುತ್ತದೆ.
ಹಿಂದಿನ ಆಟೋದವರ ಬಾಯಿಗೆ ಸಿಗುವವಳು ನಾನು.

ಜೆನ್, ತೊಂಬತ್ತೆಂಟರದು, ಕ್ಲಚ್ಚಿಲ್ಲದ್ದು.
ಮೂರು ವರ್ಷದವಳಿದ್ದಾಗ ಬಂದ ಜ್ವರ
ಎಡಗಾಲನ್ನು ಎತ್ತಿಕೊಂಡು ಹೋದಮೇಲೆ
ನನ್ನನ್ನು ಏನೂ ಕೇಳದ ಗಾಡಿ ಇದೊಂದೇ.
ಬಲಗಾಲಿದೆಯಾ, ಸಾಕು ಬಾ, ಅಂದಿತ್ತು.

ಮೊದಲನೆಯವ: "ಗೇರ್‌ಬಾಕ್ಸ್ ಹೋಗ್ಯಾದ್ರಿ."
ಎರಡನೆಯವ ಬ್ಯಾಟರಿ ಸಹ ಹಚ್ಚಲಿಲ್ಲ:
"ಗುಜರಿಗಿ ಹಾಕ್ರಿ ಜಗದೇವಿ ಟೀಚರ್, ಕ್ಲಚ್ಚಿಂದು ತಗೋರಿ",
ನನ್ನ ಕ್ಯಾಲಿಪರ್ ಕಂಡ, ನಾಲಿಗೆ ಕಚ್ಚಿದ.
ಮೂರನೆಯವ ಇಂಜಿನ್ ಆರಿಸಿ, ತಣ್ಣಗಿದ್ದಾಗ ಕಡ್ಡಿ ಎಳೆದು
"ಫುಲ್ ಅದ. ಬರೇ ಸಂಶೇವು ನಿಮ್ಮದು."

ಗೌಸುದ್ದೀನನ ಗ್ಯಾರೇಜು ಚಿದ್ರಿ ರೋಡಿನಲ್ಲಿ,
ಬೋರ್ಡಿಲ್ಲ, ಬೇವಿನ ಗಿಡವಿದೆ.
"ಚಾಲೂ ಇರ್ಲಿ. ಪಿ ಒಳಗ ಹಾಕ್ರಿ. ಬಿಸಿ ಆಗ್ಲಿ.
ಮಲಗಿದವರ ನಾಡಿ ಬ್ಯಾರೆ, ಓಡಿ ಬಂದವರ ನಾಡಿ ಬ್ಯಾರೆ."
ಕಡ್ಡಿಯ ತುದಿಗಷ್ಟೇ ತೇವ.
ಎರಡು ಬೆರಳ ನಡುವೆ ತಿಕ್ಕಿದ, ಮೂಸಿದ.
"ಸುಟ್ಟ ವಾಸನಿ ಇಲ್ಲ. ಬಣ್ಣ ಸ್ವಲ್ಪ ಕಂದ್ಯಾದ. ಜೀವ ಅದ."
ಅವನ ದೊಡ್ಡಪ್ಪ ಬಿದರಿ ಕೆಲಸದವರು.
ಬೆಳ್ಳಿಯನ್ನು ಬೆಳ್ಳಿಯಾಗಿಯೇ ಬಿಟ್ಟು
ಉಳಿದದ್ದನ್ನೆಲ್ಲ ಕಪ್ಪಾಗಿಸುವ ಮಣ್ಣು ಯಾವುದೆಂದು
ಕೋಟೆಯಲ್ಲಿ ಚಿಟಿಕೆ ಎತ್ತಿ ನಾಲಿಗೆಗಿಟ್ಟು ನೋಡುತ್ತಿದ್ದರಂತೆ.
"ನಾ ಎಣ್ಣಿ ನೆಕ್ಕಂಗಿಲ್ರಿ, ಮೂಗಿನ ತನಕಾ ಅಷ್ಟೇ."

ರೇಡಿಯೇಟರ್ ಮುಚ್ಚಳ ಆರಿದ ಮೇಲೆ ತೆಗೆದ:
ನೀರು ಹಸಿರೇ, ಕೆಂಪು ಬೆರೆತಿಲ್ಲ.
ಕೂಲರಿನ ಪೈಪು ಒಣಗಿದೆ.
ಗಾಡಿಯಡಿ ಇಪ್ಪತ್ತು ವರ್ಷದ ಜಿಡ್ಡು, ಅದರ ಮೇಲೆ ಕೆಮ್ಮಣ್ಣು,
ಸೀಮೆಎಣ್ಣೆ ಹಚ್ಚಿ ಬ್ರಷ್ಷಿನಿಂದ ತೊಳೆದು, ಒರೆಸಿ,
ತಲೆ ಹೊರಗೆ ಹಾಕಿ ಕೇಳಿದ:
"ಮಾರಿಗಿ ಹಚ್ಚೂ ಪೌಡರ್ ಅದೇನ್ರಿ?"

ಇತ್ತು. ಮಾರಿಗಲ್ಲ.
ಕ್ಯಾಲಿಪರಿನ ಚರ್ಮದ ಪಟ್ಟಿ ಮೊಣಕಾಲ ಕೆಳಗೆ
ಮೇ ತಿಂಗಳಲ್ಲಿ ಉಜ್ಜಿ ಉಜ್ಜಿ ತೊಗಲು ಏಳುತ್ತದೆ.
ಆ ಡಬ್ಬಿಯಿಲ್ಲದೆ ಎಂದೂ ಹೊಸ್ತಿಲು ದಾಟಿದವಳಲ್ಲ.
ಸ್ಟಾಫ್ ರೂಮಿನಲ್ಲಿ, ಸೆರಗಿನ ಮರೆಯಲ್ಲಿ;
ಮಂದಿಯ ಬಾಯಲ್ಲಿ ನಾನು ಶೋಕಿ ಟೀಚರು.

ಅಂಗೈಗೆ ಸುರಿದುಕೊಂಡು ಕೆಳಗೆ ಜಾರಿದ.
ಉಫ್.
ಗೇರ್‌ಬಾಕ್ಸಿನ ಹೊಟ್ಟೆ ಬೆಳ್ಳಗೆ.
"ನೌಬಾದ್ ತನಕ ಹೋಗಿ ಬರ್ರಿ. ಎಂಬತ್ತು ಹೊಡೀರಿ."
ನಾನು ಅರವತ್ತು ದಾಟಿದ್ದು ವಯಸ್ಸಿನಲ್ಲಷ್ಟೇ.
ಅವತ್ತು ಹೊಡೆದೆ.
ಕರೇಜಿನ ಬಾವಿಗಳು ಪಕ್ಕದಲ್ಲೆಲ್ಲೋ ಹಿಂದೆ ಸರಿದವು,
ಬಗ್ಗಿ ಕಿವಿಕೊಟ್ಟವರಿಗಷ್ಟೇ ನೀರು ಕೇಳಿಸುವ ಬಾವಿಗಳು.

ವಾಪಸು ಬಂದಾಗ, ಬ್ಯಾಟರಿಯ ಬೆಳಕಲ್ಲಿ,
ಬಿಳಿಯ ಮೇಲೆ ಗುಲಾಬಿ ಗೆರೆ.
ಬಲಗಡೆ ಆಕ್ಸಲ್ ಹೊಗುವಲ್ಲಿ ಹುಟ್ಟಿ
ಗಾಳಿಗೆ ಹಿಂದಕ್ಕೆ ಬಾಗಿತ್ತು.
"ನಿಂತಾಗ ಬಾಯಿ ಮುಚ್ಚತದ, ಓಡುವಾಗಷ್ಟೇ ಸೋರತದ.
ನಿಮ್ಮ ಶೆಡ್ಡಿಗಿ ಹ್ಯಾಂಗ ಗೊತ್ತಾಗಬೇಕ್ರಿ? ರಸ್ತೆಗಿ ಕೇಳಬೇಕು."

ಸೀಲು ಬೀದರಿನಲ್ಲಿ ಸಿಗಲಿಲ್ಲ.
ಹೈದರಾಬಾದ್ ಬಸ್ಸಿನ ಕಂಡಕ್ಟರ್ ಮಾಣಿಕಪ್ಪ
ಚಿಲ್ಲರೆಯ ಚೀಲದಲ್ಲಿ ತಂದ: ರಬ್ಬರಿನ ಬಳೆ,
ಒಳಗೆ ಕೂದಲೆಳೆಯ ಸ್ಪ್ರಿಂಗು, ಇನ್ನೂರ ನಲವತ್ತು ರೂಪಾಯಿ.
ಹಳೆಯದು ಚಕ್ಕುಲಿಯ ಹಾಗೆ ಮುರಿದು ಬಂತು.
ಹೊಸದರ ತುಟಿಗೆ ಎಣ್ಣೆ ಸವರಿ
ಒಂದು ಮಗ್ಗಲು ಮುಂದಾಗದಂತೆ ಸುತ್ತಲೂ ತಟ್ಟಿದ,
ಮಗುವಿಗೆ ಜೋ ತಟ್ಟುವಷ್ಟೇ ಜೋರಾಗಿ.
ಎಣ್ಣೆ ಹಾಕುವಾಗಲೂ ಅವಸರವಿಲ್ಲ:
"ಕಮ್ಮಿ ಆದ್ರ ಹಾಕಬಹುದು. ಹೆಚ್ಚಾದ್ರ ನೊರಿ ಆಗತದ."

ಡಬ್ಬಿ ವಾಪಸು ಕೊಟ್ಟ. ಮೇಲೆ ಅವನ ಬೆರಳು, ಕೆಂಪಗೆ.
ತಿಂಗಳಾಯಿತು, ಕಡ್ಡಿಯ ಗೆರೆ ಇದ್ದಲ್ಲೇ ಇದೆ.

ನಿನ್ನೆ ರಾತ್ರಿ ಪಟ್ಟಿ ಬಿಚ್ಚಿ
ಬಲ್ಬಿನ ಕೆಳಗೆ ಕಾಲು ಚಾಚಿ ಬಗ್ಗಿ ನೋಡಿದೆ.
ಪೌಡರಿನ ಮೇಲೆ ಗುಲಾಬಿ ಗೆರೆಯೊಂದಿತ್ತು, ನನ್ನದು.
ಇಷ್ಟು ವರ್ಷ ಉದುರಿಸಿದ್ದೆ, ಓದಿರಲಿಲ್ಲ.
ಬಕಲ್ಲು ಒಂದು ತೂತು ಸಡಿಲಿಸಿದೆ.