ಮೂರು ಸೆಲ್ಲಿನ ಟಾರ್ಚು

ನಮ್ಮಪ್ಪ ಮಾಯಿಗಯ್ಯ
ಮಂಡ್ಯದ ಗುತ್ತಲು ರಸ್ತೆಯ ಟಾಕೀಸಿನಲ್ಲಿ
ಟಾರ್ಚು ಹಿಡಿಯುತ್ತಿದ್ದ.
ಮುಖಕ್ಕೆ ಬಿಡಬಾರದು ಬೆಳಕು,
ಕಾಲಿಗೆ ಮಾತ್ರ, ಅದೂ ಒಂದು ಬೊಗಸೆ.

ತಡವಾಗಿ ಬಂದವರ ಪಾದದಲ್ಲೇ
ಊರನ್ನೆಲ್ಲ ಬಲ್ಲ:
ಗದ್ದೆ ಕೆಸರು ಒಣಗಿದ ಹಿಮ್ಮಡಿ,
ಸಕ್ಕರೆ ಕಾರ್ಖಾನೆಯ ಬೂಟು,
ಹೊಸ ಕಾಲುಂಗುರ,
ಅದಕ್ಕೆ ತಾಗದಂತೆ ನಡೆವ ಹೊಸ ಚಪ್ಪಲಿ.
ಪರದೆಗೆ ಬೆನ್ನು ಹಾಕಿ ನಿಂತವನಿಗೆ
ಯಾವ ಕಥೆಯ ಮೊದಲೂ ಗೊತ್ತಿಲ್ಲ.
ಆ ಹುಡುಗಿ ಯಾಕವ್ವ ಅಷ್ಟೊಂದು ಅತ್ತಳು
ಎಂದು ನನ್ನನ್ನು ಕೇಳುತ್ತಿದ್ದ,
ರಾತ್ರಿ ಮುದ್ದೆ ಮುರಿಯುತ್ತ.

ಅವನ ತಾತ ಮೈಸೂರಿಗೆ ಹೋಗಿ
ಅರಮನೆ ಮೆರವಣಿಗೆಗೆ ದೀವಟಿಗೆ ಹಿಡಿದವನು.
ಮೊಣಕೈವರೆಗೂ ಎಣ್ಣೆ ಸುಟ್ಟ ಕಲೆ.
ಅಂಬಾರಿ ಹೆಂಗಿತ್ತು ತಾತ ಅಂದರೆ
'ಅದು ಹಿಂದ್ಗಡೆ ಬತ್ತಿತ್ತಲ್ಲ ಮೊಗಾ.'

ಮೊನ್ನೆ ನನ್ನ ನಿವೃತ್ತಿ.
ಶಾಲು, ಹಾರ, ಏಲಕ್ಕಿ ಬಾಳೆಯ ಚಿಪ್ಪು.
'ಮೂವತ್ತೊಂದು ವರ್ಷ
ಜ್ಞಾನದ ಪಂಜು ಹಿಡಿದ ಟೀಚರು'
ಎಂದರು ಅಧ್ಯಕ್ಷರು, ಮೈಕು ಕೀರಿತು,
ಕರೆಂಟು ಹೋಯಿತು.

ಹೋ ಎಂದು ಕೂಗಿದವು ಮಕ್ಕಳು.
ಕೈ ತಾನಾಗಿ ಫೋನು ತೆಗೆದು
ಒಡೆದ ಮೆಟ್ಟಿಲಿಗೆ ಹಿಡಿಯಿತು.
ಒಂದು ಬರಿಗಾಲು,
ಕಿರುಬೆರಳಿಗೆ ಬಟ್ಟೆ ಸುತ್ತಿದ್ದು,
ಬೆಳಕಿಗೆ ಬಂತು, ತಡೆಯಿತು, ದಾಟಿತು.

ಯಾರ ಮಗುವೋ.
ಮುಖ ನೋಡಲಿಲ್ಲ.