ನಾಲ್ಕು ಚುಕ್ಕಿ

ಮಂಡ್ಯದ ಗುತ್ತಲು ರಸ್ತೆಯ ಮೆಸ್ಸಿನ ಹನ್ನೊಂದು ಹುಡುಗರು
ಒಂದೇ ವಾರದಲ್ಲಿ ಹೊಟ್ಟೆ ಹಿಡಿದುಕೊಂಡು ಬಂದರು.
ರಕ್ತ, ಲೋಳೆ; ಗಾಜಿನ ಮೇಲೆ
ಕಾಲಿಲ್ಲದೆಯೂ ಕಾಲು ಚಾಚಿ ತೆವಳುವ ಜೀವ.
ಹೆಸರು ಬರೆದೆ, ಚೀಟಿ ಕೊಟ್ಟೆ.

ಕಡೆಗೆ ಅಡುಗೆಯ ಕೆಂಚಯ್ಯನನ್ನು ಕರೆಸಿದರು.
ಬೆಂಕಿಪೊಟ್ಟಣದಲ್ಲಿ ತಂದಿದ್ದ, ಎಲೆ ಸುತ್ತಿ,
ಪ್ರಸಾದ ತರುವಷ್ಟು ಜೋಪಾನ.
"ನಂಗೇನ್ ಸಾ ಆಗದೆ? ಒಂದಿನಾನೂ ಹೊಟ್ಟೆ ನುಲ್ದಿಲ್ಲ.
ಎಲ್ಡು ಮುದ್ದೆ ಉಂಡ್ರೂ ಅರಗೋಯ್ತದೆ."

ಅಯೋಡಿನ್ ಒಂದು ತೊಟ್ಟು.
ಆಲೆಮನೆಯಲ್ಲಿ ಪಾಕ ಬಣ್ಣ ತಿರುಗಿದಂತೆ
ದುಂಡಗೆ, ಬೆಲ್ಲದ ಬಣ್ಣಕ್ಕೆ, ಒಂದೊಂದಾಗಿ ಎದ್ದವು.
ಒಳಗೆ ಒಂದು, ಎರಡು, ಮೂರು, ನಾಲ್ಕು
ಲೆಕ್ಕ ತಪ್ಪದ ಚುಕ್ಕಿ.
ಅವನೊಳಗೆ ತೆಪ್ಪಗೆ ಮಲಗಿದ್ದು
ಅವನ ಉಗುರಿನ ಸಂದಿಯಿಂದ ಊರು ಸೇರುತ್ತಿತ್ತು.

ಹೇಗೆ ಹೇಳಲಿ.
ಮಜ್ಜಿಗೆಗೆ ಕೊತ್ತಂಬರಿ ಚಿವುಟಿ ಹಾಕುವ ಕೈ ಅದು.
ತಿಂಗಳ ಕೊನೆಗೆ ದುಡ್ಡಿಲ್ಲದ ಹುಡುಗರ ತಟ್ಟೆಗೆ
ಕೇಳದೆ ಇನ್ನೊಂದು ಸೌಟು ಬಿಡುವ ಕೈ.

ಡಾಕ್ಟರು ಹತ್ತು ದಿನದ ಮಾತ್ರೆ ಬರೆದರು.
ಮೆಟ್ಟಿಲಿಳಿಯುತ್ತ ತಿರುಗಿ ಕೇಳಿದ:
"ಮದ್ಯಾನ ಬತ್ತೀರಾ ಸಾ?"

ನಿನ್ನೆಯೂ ಅಲ್ಲೇ ಉಂಡಿದ್ದೆ.
ಇನ್ನೊಂದು ಗಾಜಿನ ಪಟ್ಟಿ ಒರೆಸಿ
ಅಂಚಿಗೆ ನನ್ನ ಹೆಸರು ಬರೆದೆ.