ಕೂರಲು ಬಾರದ ನಿಲುವಂಗಿ

ತುರ್ಕಿಯನ್ನು ನಾನು ಮೊದಲು ಕಂಡದ್ದು
ಒಂದು ಚಿತ್ರದ ಹಾಳೆಯಲ್ಲಿ.
ಗಿಲ್ಮೆತ್ ಯಜಮಾನಿ ಅದನ್ನು ಗೋಡೆಗೆ ಚುಚ್ಚಿ
"ಬರುವ ಶುಕ್ರವಾರಕ್ಕೆ ಇದು ಬೇಕು" ಎಂದಳು,
ಇಡೀ ದೇಶವೇ ಬೇಕೆಂಬಂತೆ.

ಮೇಲಂಗಿ ನೀಲಿ, ಒಳಲಂಗ ಒಣಹುಲ್ಲಿನ ಹಳದಿ.
ಮೊಣಕೈಗೂ ಬಾರದ ಗಿಡ್ಡ ತೋಳು,
ಅದರೊಳಗಿಂದ ಇಣುಕುವ ಇನ್ನೊಂದು ಉದ್ದ ತೋಳು,
ಸೊಂಟಕ್ಕೆ ಓರೆಯಾಗಿ ಬಿಗಿದ ಪಟ್ಟಿ,
ಪಟ್ಟಿಯ ತುದಿಗೆ ಗೊಂಡೆ.
ಸುಲ್ತಾನನ ಅಂತಃಪುರದಲ್ಲಿ ಹೀಗೇ ಉಡುತ್ತಾರಂತೆ.
ಯಾರು ನೋಡಿದ್ದಾರೆ?
ಅಂತೆ ಎಂಬುದೂ ಒಂದು ಬಟ್ಟೆ;
ಪ್ಯಾರಿಸ್ಸಿನಲ್ಲಿ ಅದು ಗಜಕ್ಕೆ ಹನ್ನೆರಡು ಲಿವ್ರ್.

ನಾವು ಐದು ಜನ, ಇರುವುದೊಂದೇ ಕಿಟಕಿ.
ಬೆಳಕು ಸರಿದಂತೆ ಕುರ್ಚಿ ಸರಿಸುತ್ತ
ಸೂರ್ಯನ ಸೆರಗು ಹಿಡಿದು ಹೊಲಿಯುವವರು.
ಬೆನ್ನಿನ ಹೊಲಿಗೆಯೊಳಗೆ, ಹೊರಗೆ ಕಾಣದ ಹಾಗೆ,
ತಿಮಿಂಗಿಲದ ಎಂಟು ಎಲುಬು ತೂರಿಸಿದೆ.
ತಿಮಿಂಗಿಲವನ್ನೂ ನಾನು ಕಂಡವಳಲ್ಲ.

ಗುಂಡಿ ಕಟ್ಟುವ ಶುಶಾನಿಕ್ ಕೆಳಗಿನ ಮನೆಯವಳು.
ಸ್ಮಿರ್ನಾದಿಂದ ಮಾರ್ಸೇಲಿಗೆ, ಅಲ್ಲಿಂದ ಇಲ್ಲಿಗೆ
ಗಂಡನ ಕಾಫಿಮೂಟೆಯ ಹಿಂದೆ ಬಂದವಳು.
ಗಂಡ ಹೋದ. ಮೂಟೆಯನ್ನು ಸಾಲಗಾರರು ಹೊತ್ತರು.
ಉಳಿದದ್ದು ಹಿಡಿ ಸಡಿಲಾದ ಹಿತ್ತಾಳೆಯ ಕುಡಿಕೆ.
ಗುರುವಾರ ರಾತ್ರಿ ಗುಂಡಿಯ ಪೊಟ್ಟಣ ತಂದವಳು
ಅಂಗಿಯ ಮುಂದೆ ನಿಂತು ಕೇಳಿದಳು:
"ಇದು ಯಾವ ಊರಿನದು?"
"ನಿಮ್ಮದೇ" ಎಂದೆ.

ಅವಳು ನಕ್ಕ ರಭಸಕ್ಕೆ ಮೇಣದಬತ್ತಿ ಓಲಾಡಿತು.
ತೋಳು ಮುಟ್ಟಿದಳು, ಒಳಮೈ ತಿರುವಿದಳು,
ಹೊಲಿಗೆಯನ್ನು ಉಗುರಲ್ಲಿ ಎಣಿಸಿ
"ಕೈ ಒಳ್ಳೆಯದು" ಎಂದಳು.
ಆಮೇಲೆ: ನಮ್ಮವ್ವ ಬಟ್ಟೆಯನ್ನು ನೇರ ಕತ್ತರಿಸುತ್ತಿದ್ದಳು,
ಚೂರೂ ದಂಡವಾಗದ ಹಾಗೆ.
ಕಂಕುಳಿಗೊಂದು ಚೌಕದ ತುಂಡು, ಅಷ್ಟೆ.
ಉಟ್ಟುಕೊಂಡು, ತಟ್ಟೆಯ ಸುತ್ತ, ಹೀಗೆ
ಎಂದವಳೇ ಚಿಂದಿ ಚೆಲ್ಲಿದ ನೆಲದ ಮೇಲೆ
ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.
ಐವತ್ತು ದಾಟಿದ ಮಂಡಿ ಎರಡೂ ಚಟ್ ಎಂದವು.
"ನಿಮ್ಮ ಸುಲ್ತಾನಿ ಹೀಗೆ ಕೂರುತ್ತಾಳೋ?"

ಅವಳು ಹೋದ ಮೇಲೆ ಅಗುಳಿ ಹಾಕಿ
ತೊಡಬಾರದ್ದನ್ನು ತೊಟ್ಟೆ.
ಸುಳ್ಳೇಕೆ, ಮೈಮೇಲೆ ಚೆನ್ನಾಗಿಯೇ ಕೂತಿತು.
ಅದು ನನ್ನ ಮೇಲೆ ಕೂತಿತು;
ನಾನು ನೆಲದ ಮೇಲೆ ಕೂರಹೋದರೆ
ಎಂಟೂ ಎಲುಬು ಒಟ್ಟಿಗೆ ಎದ್ದು
ಪಕ್ಕೆಗೆ ತಿವಿದು ನಿಲ್ಲಿಸಿದವು,
ಇಗರ್ಜಿಯ ಬಾಗಿಲಲ್ಲಿ ತೂಕಡಿಸುವ ಮಕ್ಕಳನ್ನು
ಕೋಲಿನವನು ಎಬ್ಬಿಸುವ ಹಾಗೆ.

ಬೆಳಿಗ್ಗೆ, ಯಜಮಾನಿಯ ಮೆಟ್ಟಿನ ಸದ್ದಿಗೂ ಮೊದಲು,
ನಡುಬೆನ್ನಿನ ಎರಡು ಎಲುಬು ಬಿಚ್ಚಿ ತೆಗೆದೆ.
ಗುರುತು ಸಿಗದಂತೆ ಮತ್ತೆ ಹೊಲಿದೆ.
ಏಕೆಂದು ಕೇಳಬೇಡಿ.
ವೊಕ್ರೆಸಾಂ ದೊರೆಸಾನಿ ನನಗೆ ಅಕ್ಕನಲ್ಲ, ತಂಗಿಯಲ್ಲ,
ಮೂರು ಅಂಗಿಯ ಹಣ ಬಾಕಿ ಇಟ್ಟವಳು.

ತೊಟ್ಟಳು, ತಿರುಗಿದಳು, ಉಸಿರೆಳೆದುಕೊಂಡಳು.
ಇನ್ನೊಮ್ಮೆ ಎಳೆದುಕೊಂಡಳು.
ಏನನ್ನೋ ಕಳೆದುಕೊಂಡವಳಂತೆ ಕೈ ಬೆನ್ನಿಗೆ ಹೋಯಿತು,
ಹುಡುಕಿ, ಬರಿದೇ ಮರಳಿತು.
"ತುರ್ಕಿಯ ಗಾಳಿಯೇ ಹಗುರ" ಎಂದಳು ಗೆಳತಿಗೆ.
ಗಿಲ್ಮೆತ್ ಬಿಲ್ಲಿನಲ್ಲಿ ಎಂಟು ಎಲುಬನ್ನೂ ಬರೆದಳು.

ಒಂದರಿಂದ ಈಗ ಕಾಲರಿನ ಮೂಲೆ ತಿರುವುತ್ತೇನೆ.
ಇನ್ನೊಂದು ಕೆಳಗಿನ ಮನೆಯಲ್ಲಿದೆ;
ಶುಶಾನಿಕ್ ಅದರಲ್ಲಿ ಕಾಫಿ ಕಲಕುತ್ತಾಳೆ.
ಭಾನುವಾರ ನೆಲದ ಮೇಲೆ ಕೂತು ಕುಡಿಯುತ್ತೇವೆ.
ನನ್ನ ಎಡಗಾಲು ಇನ್ನೂ
ಜೋಮು ಹಿಡಿಯುತ್ತದೆ.